ಹುಡುಗಿಯರನ್ನು ಬೇರೆ ಬೇರೆ ಇಟ್ಟು ಕೇಳಿ

ಕೇಳುಗರಿಗೆ ನಮಸ್ಕಾರ. ಕೋರ್ಟಿನ ನಾಟಕ ಅಂದಮೇಲೆ ಅಲ್ಲೊಬ್ಬ ವಕೀಲ ಇರಲೇಬೇಕು, ಅಲ್ವಾ? ಎಲ್ಲರೂ ಕೂಗಾಡುವಾಗ ಅವನೊಬ್ಬ ಎದ್ದು ಸರಿಯಾದ ಪ್ರಶ್ನೆ ಕೇಳುತ್ತಾನೆ. 1692ರಲ್ಲಿ ಸೇಲಂನಲ್ಲಿ ಮಾಟಗಾತಿಯರ ವಿಚಾರಣೆ ನಡೆದಾಗ ಆರೋಪಿಗಳಿಗೆ ವಕೀಲರೇ ಇರಲಿಲ್ಲ. (ಪಕ್ಕದ ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದು.) ಅಲ್ಲಿ ಆ ಪ್ರಶ್ನೆ ಕೇಳಿದ್ದು ಗಲ್ಲಿಗೆ ಹೋಗಲಿದ್ದ ಒಬ್ಬ ಹೆಂಗಸು, ಮೇರಿ ಈಸ್ಟಿ.

ಏಪ್ರಿಲ್‌ನಲ್ಲಿ ಆಕೆಯನ್ನು ಕರೆತಂದು ನಿಲ್ಲಿಸಿದರು. ಎದುರಿಗೆ, ಇವಳು ನಮಗೆ ಮಾಟ ಮಾಡಿದ್ದಾಳೆ ಎಂದು ದೂರುತ್ತಾ ಮೈಮೇಲೆ ಬಂದವರಂತೆ ಆಡುತ್ತಿದ್ದ ಹುಡುಗಿಯರು. ಈಕೆ ತಲೆ ಬಾಗಿಸಿದರೆ ಸಾಕು, ನಮ್ಮ ಕುತ್ತಿಗೆ ಮುರಿಯುತ್ತಿದೆ, ತಲೆ ಎತ್ತಿಸಿ ಎಂದು ಅರಚಿದರು. ತಪ್ಪು ಒಪ್ಪಿಕೊಳ್ಳಲು ಒತ್ತಾಯ ಬಂದಾಗ ಮೇರಿ, "ನನ್ನ ಮೇಲೆ ನಾನೇ ಆರೋಪ ಹೊರಿಸಿಕೊಳ್ಳಬೇಕಾ?" ಎಂದಳು. "ತಪ್ಪಿತಸ್ಥಳಾದರೆ ಹೌದು" ಎಂಬ ಉತ್ತರ ಬಂತು.

ಆ ಕೋರ್ಟಿನ ಲೆಕ್ಕಾಚಾರವೇ ವಿಚಿತ್ರ. ನೀವು ಮನೆಯಲ್ಲಿ ಮಲಗಿದ್ದರೂ ನಿಮ್ಮ ಛಾಯೆ ಹೋಗಿ ಇನ್ನೊಬ್ಬರ ಕತ್ತು ಹಿಸುಕಿತು ಅಂದರೆ ಅದೂ ಸಾಕ್ಷಿ! ಇದನ್ನು ಸುಳ್ಳು ಅಂತ ತೋರಿಸುವುದಾದರೂ ಹೇಗೆ? ಹೌದು, ನಾನು ಮಾಟಗಾತಿ ಎಂದು ಒಪ್ಪಿ ಅದೇ ಮಾತಿಗೆ ನಿಂತವರು ಗಲ್ಲಿನಿಂದ ಪಾರಾದರು. ಗಲ್ಲಿಗೆ ಹೋದವರೆಲ್ಲ ಇಲ್ಲ ಎಂದವರೇ, ಒಟ್ಟು 19 ಜನ. ಮೇರಿಯ ಅಕ್ಕ ರೆಬೆಕಾ ನರ್ಸ್‌ಳನ್ನು ತೀರ್ಪು ಹೇಳುವ ಪಂಚರು (ಜ್ಯೂರಿ) ಮೊದಲು ನಿರ್ದೋಷಿ ಎಂದೇ ಹೇಳಿದ್ದರು. ನ್ಯಾಯಾಧೀಶರು ಇನ್ನೊಮ್ಮೆ ಯೋಚಿಸಿ ಎಂದು ಅವರನ್ನು ವಾಪಸ್ ಕಳಿಸಿದರು. ಕಿವಿ ಸರಿಯಾಗಿ ಕೇಳದ ಆ ಮುದುಕಿ ಪಂಚರ ಒಂದು ಪ್ರಶ್ನೆಗೆ ಸುಮ್ನೆ ನಿಂತಿದ್ದೇ ಮುಳುವಾಯಿತು.

ಅಕ್ಕನನ್ನು ಜುಲೈನಲ್ಲಿ ಕಳೆದುಕೊಂಡ ಮೇರಿ ಸೆಪ್ಟೆಂಬರಿನಲ್ಲಿ ಒಂದು ಅರ್ಜಿ ಬರೆಸಿದಳು. ನಾನು ಸಾಯುವುದು ಗೊತ್ತೇ ಇದೆ, ನನ್ನ ಜೀವಕ್ಕಾಗಿ ಕೇಳುತ್ತಿಲ್ಲ, ಇನ್ನು ನಿರಪರಾಧಿಗಳ ರಕ್ತ ಹರಿಯದಿರಲಿ ಎಂದಳು. ನನಗೆ ಇದಕ್ಕಿಂತ ಮುಂದಿನ ಮಾತೇ ಜಾಸ್ತಿ ಮುಖ್ಯ ಅನಿಸುತ್ತದೆ. ಆ ಹುಡುಗಿಯರನ್ನು ಸ್ವಲ್ಪ ಕಾಲ ಬೇರೆ ಬೇರೆ ಇಟ್ಟು, ಚೆನ್ನಾಗಿ ವಿಚಾರಿಸಿ. ತಪ್ಪೊಪ್ಪಿಕೊಂಡವರನ್ನೂ ಕೆಲವರನ್ನಾದರೂ ವಿಚಾರಣೆಗೆ ಒಳಪಡಿಸಿ. ಅಂದರೆ ಸಾಕ್ಷಿಗಳು ಒಬ್ಬರನ್ನೊಬ್ಬರು ನೋಡಿಕೊಂಡು ಹೇಳುತ್ತಿದ್ದಾರಾ, ಜೀವ ಉಳಿಸಿಕೊಳ್ಳಲು ಒಪ್ಪಿಕೊಂಡಿದ್ದಾರಾ, ಪರೀಕ್ಷಿಸಿ ಎಂದು. ಓದಿದ ನ್ಯಾಯಾಧೀಶರಿಗೆ ಹೊಳೆಯದ್ದು ಇವಳಿಗೆ ಹೊಳೆದಿತ್ತು.

ಕೋರ್ಟು ಕಿವಿಗೊಡಲಿಲ್ಲ. ಸೆಪ್ಟೆಂಬರ್ 22ರಂದು ಇನ್ನೂ ಏಳು ಮಂದಿಯ ಜೊತೆ ಆಕೆಯನ್ನು ಗಲ್ಲಿಗೇರಿಸಿದರು. ಅಕ್ಟೋಬರ್ ಕೊನೆಗೆ ಗವರ್ನರ್ ಆ ಕೋರ್ಟನ್ನೇ ರದ್ದು ಮಾಡಿದರು. ಮುಂದಿನ ಜನವರಿಯಲ್ಲಿ ಕೂತ ಹೊಸ ಕೋರ್ಟು ಛಾಯೆಯ ಸಾಕ್ಷಿಯನ್ನು ನೆಚ್ಚಿಕೊಳ್ಳಲಿಲ್ಲ. ಆಮೇಲೆ ವಿಚಾರಣೆಗೆ ಬಂದವರಲ್ಲಿ ಬಹುತೇಕ ಎಲ್ಲರೂ ಬಿಡುಗಡೆಯಾದರು.