ಮೂರು ನಿಮಿಷದ ತಟ್ಟೆ

ಕೇಳುಗರಿಗೆ ನಮಸ್ಕಾರ.

ಮುಂದೆ ಮೈಸೂರು ಅರಮನೆಯ ಗಾಯಕಿಯಾಗಿ, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಮೊದಲು ಹಾಡಿದ್ದು 1902ರಲ್ಲಿ, ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ. ಮೈಕ್ ಇಲ್ಲದ ಕಾಲ, ಧ್ವನಿಮುದ್ರಣ ಯಂತ್ರದ ಕಹಳೆಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಗ್ರಾಮಫೋನ್ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಎರಡು ಮೂರು ನಿಮಿಷದ ಹಾಡು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಜಂಬಕ್ಕಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಯಾವುದು ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ.

ಒಂದೇ ರಾಗವನ್ನು ಗಂಟೆಗಟ್ಟಲೆ ಬೆಳೆಸುವ ಉಸ್ತಾದರಿಗೆ ಈ ಮೂರು ನಿಮಿಷದ ಗಡುವು ಅವಮಾನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಿಂದೂಸ್ತಾನಿ ಸಂಗೀತದ ಜೈಪುರ-ಅತ್ರೌಲಿ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಅಲ್ಲಾದಿಯಾ ಖಾನರು ಧ್ವನಿಮುದ್ರಣಕ್ಕೆ ಒಲಿಯಲೇ ಇಲ್ಲ. 1946ರಲ್ಲಿ ಅವರು ತೀರಿಕೊಂಡಾಗ ಆ ಕಂಠವೂ ಹೋಯಿತು. ಆ ಹಟಕ್ಕೆ ಕೈಮುಗಿಯುತ್ತೇನೆ, ಆದರೆ ನಷ್ಟವಾದದ್ದು ನಮಗೆ. ಅವರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರು ಕಲಿಸಿದ್ದರಿಂದ ಆ ಗಾಯನಶೈಲಿ ನಮ್ಮ ಮಲ್ಲಿಕಾರ್ಜುನ ಮನ್ಸೂರರಿಗೆ ದಕ್ಕಿತು ಎಂಬುದಷ್ಟೇ ಸಮಾಧಾನ.

ಅದೇ ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರ್ ತಟ್ಟೆಗೆ ಹಾಡಿದರು. ಸುಮಾರು ಮೂರೂವರೆ ನಿಮಿಷದ ಅವರ ಭೈರವಿ ರಾಗದ ಹಾಡನ್ನು 1977ರಲ್ಲಿ ವಾಯೇಜರ್ ನೌಕೆಗಳು ಬಾಹ್ಯಾಕಾಶಕ್ಕೆ ಹೊತ್ತೊಯ್ದವು. ಕೇಳಿ ನೋಡಿ, ಎಲ್ಲಿಯೂ ಧಾವಂತವಿಲ್ಲ. ಗಡಿಯಾರ ಕಂಪನಿಯದೇ ಇರಬಹುದು, ಹಾಡುವ ನಡೆ ಮಾತ್ರ ಆಕೆಯದು.

ಆದ್ದರಿಂದ ಹಾಡು ಮೊಟಕಾದ ಮಾತ್ರಕ್ಕೆ ಕಲೆ ಕೆಟ್ಟಿತೆಂದು ನಾನು ಒಪ್ಪಲಾರೆ. ನನಗೂ ಬಾನುಲಿಯವರು ಕೊಟ್ಟಿರುವುದು ಕೆಲವೇ ನಿಮಿಷ! ಆದರೆ ಅಂದಿನದು ಯಂತ್ರದ ಮಿತಿ. ಅಷ್ಟರೊಳಗೆ ಹೇಗೆ ಶುರುಮಾಡಬೇಕು, ಎಲ್ಲಿ ತಂಗಬೇಕು ಎಂಬುದು ಗಾಯಕರಿಗೆ ಬಿಟ್ಟದ್ದು. ಇಂದು ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ ಕೇಳುಗ 30 ಸೆಕೆಂಡು ನಿಂತರೆ ಮಾತ್ರ ಹಾಡು ಲೆಕ್ಕಕ್ಕೆ ಬರುತ್ತದೆ, ದುಡ್ಡು ಹುಟ್ಟುತ್ತದೆ. ಹಾಗಾಗಿ ಶುರುವಿನ ಆಲಾಪಕ್ಕೆ ಕತ್ತರಿ, ಪಲ್ಲವಿಗೆ ಅವಸರ. ಹಳೆಯ ತಟ್ಟೆ ಹಾಡಿನ ಕೊನೆಯನ್ನಷ್ಟೇ ಗೊತ್ತುಮಾಡುತ್ತಿತ್ತು. ಇದು ಆರಂಭಕ್ಕೇ ಕೈಹಾಕಿದೆ.

ರಿಯಾಜು, ಅಂದರೆ ಸಂಗೀತಾಭ್ಯಾಸ, ಮಾಡಿಕೊಂಡು ಬಂದ ಹುಡುಗಿಗೆ ನಿರ್ಮಾಪಕರು ‘ಹತ್ತು ಸೆಕೆಂಡಿನೊಳಗೆ ಪಲ್ಲವಿ ಬರಲಿ’ ಎಂದರೆ ಅವಳು ಹಾಡಲಿ, ತಪ್ಪೇನಿಲ್ಲ. ಮನೆ ಬಾಡಿಗೆ ಕಟ್ಟಬೇಕು. ಪ್ರತಿ ಹಾಡಿಗೂ ಅದೇ ಷರತ್ತು ಹಾಕಿದರೆ ಮಾತ್ರ ಜಗಳವಾಡಲಿ. ಆ ಜಗಳದಲ್ಲಿ ನಾನು ಅವಳ ಕಡೆ. ನಮಸ್ಕಾರ.