ಒಳಗೆ ಇಣುಕುವ ಕಿಟಕಿ ಇಲ್ಲ

ನಮಸ್ಕಾರ. ಮೊದಲು ಹೆಸರಿನ ವಿಷಯ. ಆಮಂತ್ರಣದಲ್ಲಿ ‘ಪಿಯರ್ಸ್’ ಎಂದು ಅಚ್ಚಾಗಿದೆ. ಅವನ ಮನೆತನದ ಹೆಸರನ್ನು ಹೇಳುವುದು ‘ಪರ್ಸ್’ ಅಂತ. ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್, ಅಮೆರಿಕದ ತತ್ವಜ್ಞಾನಿ, ತರ್ಕಶಾಸ್ತ್ರಜ್ಞ. ಇವತ್ತಿನ ಮಾತು ಅವನ ಬಗ್ಗೆ. ಪಾಪ, 1914ರಲ್ಲಿ ಪೆನ್ಸಿಲ್ವೇನಿಯಾದ ಮಿಲ್‌ಫರ್ಡಿನಲ್ಲಿ ಅವನು ತೀರಿಕೊಂಡಾಗ ಪರ್ಸ್ ಖಾಲಿ.

ಈಚೆಗೆ ಎಲ್ಲಿ ಹೋದರೂ ‘ನಿಮ್ಮೊಳಗೆ ನೋಡಿಕೊಳ್ಳಿ, ಉತ್ತರ ಅಲ್ಲೇ ಇದೆ’ ಎನ್ನುವವರು ಸಿಗುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಒಳಗೆ ಇಣುಕುವ ಕಿಟಕಿಯೇ ನಮಗಿಲ್ಲ ಎಂದು ಪರ್ಸ್ 1868ರಲ್ಲೇ ವಾದಿಸಿದ್ದ. ನಮ್ಮ ಮನಸ್ಸಿನಲ್ಲಿ ಏನಿದೆ ಎಂಬುದನ್ನೂ ನಾವು ಹೊರಗಿನ ಗುರುತುಗಳಿಂದಲೇ ಊಹಿಸಬೇಕು. ನನಗೆ ಸಿಟ್ಟು ಬಂದಿದೆ ಅಂತ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದು ನನಗೇ, ಅಲ್ವಾ?

ಗಡಿಯಾರದ ಕಥೆ ಹೇಳಲೇಬೇಕು. 1879. ಪರ್ಸ್ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಹಡಗಿನಲ್ಲಿ ಬಂದ. ಇಳಿದು ಹೋದ ಮೇಲೆ ನೆನಪಾಯಿತು, ಕೋಟು ಮತ್ತು ದುಬಾರಿ ಗಡಿಯಾರ ಕೋಣೆಯಲ್ಲೇ ಉಳಿದಿವೆ. ಓಡಿ ಬಂದು ನೋಡಿದರೆ ಎರಡೂ ಇಲ್ಲ. ಗಡಿಯಾರ ಸರ್ಕಾರದ್ದು ಬೇರೆ, ಅವನು ಕರಾವಳಿ ಸರ್ವೇ ಇಲಾಖೆಯಲ್ಲಿದ್ದ. ಹಡಗಿನ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಒಬ್ಬೊಬ್ಬರ ಹತ್ತಿರವೂ ಸುಮ್ನೆ ಹರಟಿದ. ಏನೂ ಹೊಳೆಯಲಿಲ್ಲ. ತಲೆಯೊಳಗೆ ಹುಡುಕಿದ, ಅಲ್ಲೂ ಇಲ್ಲ. ಅತ್ತ ತಿರುಗಿ, ‘ಹೇಗಾದರೂ ಒಬ್ಬನನ್ನು ಆರಿಸಲೇಬೇಕು’ ಎಂದುಕೊಂಡ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಅನುಮಾನವೇ ಉಳಿಯಲಿಲ್ಲ. ‘ಇವನೇ!’ ಯಾಕೆ ಇವನು? ಗೊತ್ತಿಲ್ಲ! ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆಯ ಪತ್ತೇದಾರರು ಪರ್ಸನ ಮಾತು ಬಿಟ್ಟು ಇನ್ನೊಬ್ಬನ ಬೆನ್ನು ಹತ್ತಿ ಕೈ ಸುಟ್ಟುಕೊಂಡರು. ಕೊನೆಗೆ ಗಡಿಯಾರ ಒತ್ತೆ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ತಂದವನ ಚಹರೆಯನ್ನು ಅಂಗಡಿಯವನು ಹೇಳಿದ. ಅದೇ ಆಸಾಮಿ.

ಇದೇನು ಪವಾಡವಾ? ಅಲ್ಲ. ಕಳ್ಳನ ದನಿಯಲ್ಲೋ ಕಣ್ಣಿನಲ್ಲೋ ಏನೋ ಗುರುತು ಇತ್ತು. ಪರ್ಸ್ ಅದನ್ನು ಓದಿದ, ಓದಿದ್ದು ಅವನಿಗೇ ಗೊತ್ತಾಗಲಿಲ್ಲ. ಕಿಟಕಿ ಇಲ್ಲ ಅಂದೆನಲ್ಲ. ಮುಂದೆ ಶಿಷ್ಯ ಜಾಸ್ಟ್ರೋ ಜೊತೆ ಒಂದು ಪ್ರಯೋಗವನ್ನೂ ಮಾಡಿದ. ಬೆರಳಿನ ಮೇಲೆ ಬಿದ್ದ ಎರಡು ಒತ್ತಡಗಳಲ್ಲಿ ಯಾವುದು ಜಾಸ್ತಿ ಎಂಬ ಪ್ರಶ್ನೆ. ಉತ್ತರಿಸುವವನು ‘ನನಗೇನೂ ತಿಳಿಯುತ್ತಿಲ್ಲ, ಸುಮ್ನೆ ಹೇಳುತ್ತಿದ್ದೇನೆ’ ಎಂದಾಗಲೂ ಅರ್ಧಕ್ಕಿಂತ ಜಾಸ್ತಿ ಸಲ ಉತ್ತರ ಸರಿ ಬಂತು. ಈ ಬಗೆಯ ಊಹೆಯೂ ತರ್ಕವೇ ಎಂದು ಅವನು ಹಟ ಹಿಡಿದ. ಅದಕ್ಕೆ ಅಬ್ಡಕ್ಷನ್ ಎಂದು ಹೆಸರಿಟ್ಟ.

ಚೀಟಿ ಬಂತು. ಐದೇ ನಿಮಿಷ ಅಂತೆ. ಈ ಗುರುತುಗಳನ್ನು, ಅಂದರೆ ಸಂಕೇತಗಳನ್ನು, ಪರ್ಸ್ ಮೂರು ಬಗೆ ಮಾಡಿದ, ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಹೋಲಿಕೆಯಿಂದ ತೋರಿಸುವುದು ಚಿತ್ರ. ನಂಟಿನಿಂದ ತೋರಿಸುವುದು ಬೆಂಕಿಯ ಹೊಗೆ, ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಓದಿದವರಿಗೆ ಈ ಹೊಗೆ ಹಳೆಯ ನೆಂಟ. ರೂಢಿಯಿಂದ ತೋರಿಸುವುದು ಪದ. ಮುಗೀತು.

ಮಸಿಕುಡಿಕೆಯ ಮಾತು ಮಾತ್ರ ಬಿಡಲಾರೆ. ಮಿದುಳಿನ ತುಂಡು ಕತ್ತರಿಸಿದರೆ ಮಾತು ನಿಲ್ಲುತ್ತದೆ, ಹಾಗಾಗಿ ಮಾತಿನ ಶಕ್ತಿ ಆ ತುಂಡಿನಲ್ಲಿದೆ ಎನ್ನುತ್ತೀರಾ? ನನ್ನ ಮಸಿಕುಡಿಕೆ ಕದ್ದರೂ ನನ್ನ ವಿಚಾರ ನಿಲ್ಲುತ್ತದೆ, ಹಾಗಾದರೆ ಆ ಶಕ್ತಿ ಕುಡಿಕೆಯಲ್ಲೂ ಇದೆ! ಇದು ಪರ್ಸನ ತಮಾಷೆ, ಅರ್ಧ ಮಾತ್ರ ತಮಾಷೆ.

ಹಾಗಾದರೆ ‘ನಾನು’ ಎಲ್ಲಿಂದ ಬಂತು? ಅದೂ ಹೊರಗಿನಿಂದಲೇ. ಒಲೆ ಬಿಸಿ ಇದೆ ಅಂತ ದೊಡ್ಡವರು ಹೇಳುತ್ತಾರೆ. ಇಲ್ಲ ಅನ್ನುತ್ತದೆ ಮಗು. ಮುಟ್ಟುತ್ತದೆ, ಚುರ್ ಅನ್ನುತ್ತದೆ. ತಪ್ಪು ಒಲೆಯದಲ್ಲ, ಹೇಳಿದವರದೂ ಅಲ್ಲ. ಆ ತಪ್ಪನ್ನು ಇಡಲು ಒಂದು ಜಾಗ ಬೇಕಲ್ಲ. ಮಗು ಆ ಜಾಗಕ್ಕೆ ‘ನಾನು’ ಅನ್ನುತ್ತದೆ.

ಇನ್ನೊಂದು ಚೀಟಿ ಬರುತ್ತಿದೆ. ಪ್ರಶ್ನೆಗಳಿದ್ದರೆ ಕಾಫಿ ಹೊತ್ತಿನಲ್ಲಿ.