ಚಿಕ್ಕ ಉಪ್ಪುನೀರಿನ ಟ್ಯಾಂಕಿಗೆ ಮೊದಲ ಹವಳ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಸಾಕುವ ಮನೆಗಳು ಬೇಕಾದಷ್ಟಿವೆ. ಆ ಮನೆಗಳಲ್ಲೇ ಕೆಲವರಿಗೆ ಈಗ ಉಪ್ಪುನೀರಿನ ಟ್ಯಾಂಕಿನ ಆಸೆ ಹುಟ್ಟಿದೆ. ಮೊಬೈಲಿನಲ್ಲಿ ನೀಲಿ ಬೆಳಕು, ಬಣ್ಣಬಣ್ಣದ ಹವಳ ನೋಡಿದರೆ ಯಾರಿಗೆ ಆಸೆ ಆಗಲ್ಲ ಹೇಳಿ. ಅವರು ಕೇಳುವುದು ಒಂದೇ: ಮೊದಲಿಗೆ ಯಾವ ಹವಳ ತರಬೇಕು? ನಾನು ಹೇಳುವುದೂ ಒಂದೇ. ಅಣಬೆ ಹವಳ ತನ್ನಿ, ಅದೂ ಒಂದೇ ಒಂದು. ಆಮೇಲೆ ಕಾಯಿರಿ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಇರುತ್ತದೆ. ಬೆಳಕು ಬಿದ್ದಾಗ ಆ ಪಾಚಿ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ನೀರು ಬಿಸಿಯಾದರೆ ಈ ನಂಟು ಮುರಿಯುತ್ತದೆ. ಪಾಚಿ ಹೊರಗೆ ಹೋಗುತ್ತದೆ, ಹವಳ ಬೆಳ್ಳಗಾಗುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದು ಇದೇ. ಕಡಲಿನಲ್ಲೇ ಒಂದೆರಡು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೇ ಉಳಿದರೆ ತಡೆಯಲು ಆಗದ ಜೀವ ಇದು. ಏಪ್ರಿಲ್ ತಿಂಗಳಲ್ಲಿ ನಮ್ಮ ನಡುಮನೆಯಲ್ಲಿಟ್ಟ ಚಿಕ್ಕ ಟ್ಯಾಂಕಿನಲ್ಲಿ ಅದರ ಪಾಡೇನು ಅಂತ ತರುವ ಮೊದಲೇ ಯೋಚಿಸಬೇಕು.

ಹವಳದಲ್ಲಿ ಸ್ಥೂಲವಾಗಿ ಎರಡು ಬಗೆ. ಸುಣ್ಣದ ಗೂಡು ಕಟ್ಟುವ ಕಲ್ಲು ಹವಳ ಒಂದು. ಗೂಡಿಲ್ಲದ ಮೆತ್ತನೆಯವು ಇನ್ನೊಂದು. ಕಲ್ಲು ಹವಳದ ಆಸೆ ಬಿಟ್ಟುಬಿಡಿ. ಅದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಒಂದೇ ಮಟ್ಟದಲ್ಲಿ ಇರಬೇಕು, ಬೆಳಕೂ ಜಾಸ್ತಿ ಬೇಕು. ಅದಕ್ಕಿಂತ ದೊಡ್ಡ ಕಾರಣ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳ ಅಂದರೆ ಈ ಕಲ್ಲು ಹವಳ, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಸೀ ಫ್ಯಾನ್ ಎಲ್ಲವನ್ನೂ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಕಡಲಿನಿಂದ ಕಿತ್ತು ತಂದ ಸತ್ತ ಹವಳದ ತುಂಡಿಗೂ ಅದೇ ಕಾನೂನು. ‘ಲೈವ್ ರಾಕ್’ ಅಂತ ಯಾರಾದರೂ ಹವಳದ ಕಲ್ಲು ತೋರಿಸಿದರೆ ಬೇಡ ಅನ್ನಿ. ಸೆರಾಮಿಕ್ ಕಲ್ಲು ಸಾಕು, ನೀರಿನ ಕೊಳೆ ಕಳೆಯಲು ಬೇಕಾದ ಬ್ಯಾಕ್ಟೀರಿಯಾ ಅದರಲ್ಲೂ ನೆಲೆಸುತ್ತದೆ. ಕಲ್ಲು ಹವಳ ನೋಡಲೇಬೇಕು ಅನ್ನಿಸಿದರೆ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪವಿದೆ. ಅಲ್ಲಿ ಮುಳುಗಿ ನೋಡಿ ಬನ್ನಿ.

ಅಣಬೆ ಹವಳ ಆ ಪಟ್ಟಿಯ ಗುಂಪುಗಳಿಗೆ ಸೇರಿದ್ದಲ್ಲ, ಅದು ಗೂಡಿಲ್ಲದ ಮೆತ್ತನೆಯದು. ಡಿಸ್ಕೋಸೋಮ, ರೋಡಾಕ್ಟಿಸ್ ಅನ್ನುವ ಜಾತಿಗಳು ಸಿಗುತ್ತವೆ. ಚಪ್ಪಟೆಯಾದ, ದುಂಡಗಿನ ಜೀವ. ಕೆಂಪು, ನೀಲಿ, ಹಸಿರು, ಕೆಲವಕ್ಕೆ ಚುಕ್ಕಿ. ಬೆಳಕು ಕಡಿಮೆ ಇದ್ದರೂ ಸರಿ, ನೀರು ನಿಧಾನವಾಗಿ ಆಡಿದರೆ ಸರಿ. ಕೊಳೆಯಿಂದ ಹುಟ್ಟುವ ನೈಟ್ರೇಟ್ ಲೀಟರಿಗೆ ಐದೋ ಹತ್ತೋ ಮಿಲಿಗ್ರಾಂ ಇದ್ದರೂ ಬೇಸರವಿಲ್ಲ, ತೀರಾ ಶುದ್ಧ ನೀರಿನಲ್ಲೇ ಅದು ಕುಗ್ಗುತ್ತದೆ. ಟ್ಯಾಂಕಿನ ತಳದಲ್ಲಿಡಿ. ಮೈಯೆಲ್ಲ ಲೋಳೆ, ಹಾಗಾಗಿ ಅಂಟು ಹಿಡಿಯುವುದಿಲ್ಲ. ಕಲ್ಲಿನ ಚೂರು ಹಾಕಿದ ಚಿಕ್ಕ ಬಟ್ಟಲಿನಲ್ಲಿಟ್ಟು ಮೇಲೆ ಬಲೆ ಬಟ್ಟೆ ಕಟ್ಟಿದರೆ ಕೆಲವು ದಿನಗಳಲ್ಲಿ ತಾನೇ ಕಾಲೂರುತ್ತದೆ. ಹಿಡಿಸಿದರೆ ತಾನೇ ಎರಡಾಗುತ್ತದೆ. ಒಂದು ಎಚ್ಚರಿಕೆ. ಆನೆಕಿವಿ ಅಂತ ಕರೆಯುವ ದೊಡ್ಡ ಬಗೆಯೊಂದಿದೆ, ಅದು ಮೈ ಮುಚ್ಚಿ ಚಿಕ್ಕ ಮೀನನ್ನು ನುಂಗುತ್ತದೆ. ಅದು ಬೇಡ.

ಎರಡನೆಯದು ಜೋವಾಂತಿಡ್. ಅಂಗಿಯ ಗುಂಡಿಯಷ್ಟಗಲದ ಹೂವುಗಳ ಗೊಂಚಲು, ಬಣ್ಣಕ್ಕೆ ಲೆಕ್ಕವಿಲ್ಲ. ಸಾಕುವುದೂ ಸುಲಭ. ಆದರೆ ಇದರ ಕೆಲವು ಬಗೆಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ವಿಷವಿದೆ. ತುಂಬಾ ಕೆಟ್ಟ ವಿಷ, ಅದಕ್ಕೆ ಮದ್ದಿಲ್ಲ. ಈ ಹವಳ ಬೆಳೆದ ಕಲ್ಲನ್ನು ಯಾವತ್ತೂ ಬಿಸಿನೀರಿನಲ್ಲಿ ಕುದಿಸಬೇಡಿ, ಬ್ರಷ್ ಹಾಕಿ ಉಜ್ಜಬೇಡಿ. ಆ ಆವಿ ಉಸಿರಿಗೆ ಹೋಗಿ ಮನೆ ಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಕತ್ತರಿಸುವುದಾದರೆ ಕಣ್ಣಿಗೂ ಕನ್ನಡಕ ಇರಲಿ. ಕೈಮೇಲೆ ಗಾಯವಿದ್ದ ದಿನ ಟ್ಯಾಂಕಿನೊಳಗೆ ಕೈ ಹಾಕಲೇಬೇಡಿ. ಪುಟ್ಟ ಮಕ್ಕಳಿರುವ ಮನೆಗೆ ನಾನಾದರೆ ಇದನ್ನು ತರುವುದಿಲ್ಲ.

ಜೀನಿಯ ಅಂತ ಇನ್ನೊಂದಿದೆ. ಬೆರಳು ಮಡಚಿ ಬಿಚ್ಚುವ ಹಾಗೆ ಸದಾ ಮಿಡಿಯುತ್ತಿರುತ್ತದೆ, ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು. ಆದರೆ ಹಬ್ಬಿಬಿಡುತ್ತದೆ, ಅದಕ್ಕೇ ಬೇರೆ ಕಲ್ಲು ಕೊಡಿ. ಲೆದರ್ ಹವಳವೂ ಗಟ್ಟಿ ಜೀವವೇ. ಆಗಾಗ ವಾರಗಟ್ಟಲೆ ಮುದುಡಿಕೊಂಡು ಮೇಣದಂಥ ಪೊರೆ ಕಳಚುತ್ತದೆ. ಸತ್ತಿತು ಅಂತ ಬಿಸಾಡಬೇಡಿ. ದೊಡ್ಡದಾಗಿ ಬೆಳೆದು ನೆರೆಯವರ ಮೇಲೆ ರಸಾಯನ ಬಿಡುವುದರಿಂದ ಚಿಕ್ಕ ಟ್ಯಾಂಕಿಗೆ ಅಷ್ಟು ಒಗ್ಗದು.

ಈಗ ನೀರಿನ ಮಾತು. ಕಲ್ಲು ಮರಳು ಕಳೆದು ಸುಮಾರು 60 ಲೀಟರ್ ನೀರು ಹಿಡಿಯುವ ಎರಡಡಿ ಟ್ಯಾಂಕು ಅಂದುಕೊಳ್ಳೋಣ. ಕಾವೇರಿ, ಕಬಿನಿ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮಂಡ್ಯ ಕಡೆಯ ಬೋರ್ ನೀರು ಗಡಸು. ಎರಡೂ ಬೇಡ, ಆರ್‌ಓ ನೀರು ಬೇಕು. ಕುಡಿಯುವ ನೀರಿನ ಮೆಷಿನ್‌ನಲ್ಲಿ ಮಿನರಲ್ ಸೇರಿಸುವ ಭಾಗವಿದ್ದರೆ ಅದಕ್ಕಿಂತ ಮುಂಚೆಯೇ ನೀರು ಹಿಡಿಯಿರಿ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, ಸೊನ್ನೆಯ ಹತ್ತಿರ ಇರಲಿ.

ಉಪ್ಪಿನ ವಿಷಯದಲ್ಲಿ ಬಹಳ ಜನ ಕೇಳುತ್ತಾರೆ, ಕಲ್ಲುಪ್ಪು ಸಮುದ್ರದ್ದೇ ಅಲ್ವಾ, ಅದನ್ನೇ ಹಾಕಿದರೆ ಏನು? ಉಪ್ಪಿನ ಗದ್ದೆಯಲ್ಲಿ ನೀರು ಆವಿಯಾಗುವಾಗ ಕ್ಯಾಲ್ಸಿಯಂ ಬಹುಪಾಲು ಮೊದಲೇ ತಳಕ್ಕೆ ಕೂರುತ್ತದೆ. ಮೆಗ್ನೀಸಿಯಂ ಕೊನೆಯ ಕಹಿನೀರಿನಲ್ಲಿ ಉಳಿದುಹೋಗುತ್ತದೆ. ನಮಗೆ ಸಿಗುವುದು ಹೆಚ್ಚೂಕಮ್ಮಿ ಬರೀ ಸೋಡಿಯಂ ಕ್ಲೋರೈಡ್. ಅದಕ್ಕೇ ಅಕ್ವೇರಿಯಂ ಉಪ್ಪೇ ಬೇಕು. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಕರಗಿಸಿ, ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ಬರುವ ಹಾಗೆ ನೋಡಿಕೊಳ್ಳಿ.

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಬೇಸಿಗೆಯಲ್ಲಿ ನೀರು 25, 26 ಡಿಗ್ರಿಯಲ್ಲಿರಲಿ ಅಂತ ಟ್ಯಾಂಕಿನ ಮೇಲೆ ಚಿಕ್ಕ ಫ್ಯಾನ್ ಇಡುತ್ತೇವೆ. ಎರಡು ಡಿಗ್ರಿ ಇಳಿಯುತ್ತದೆ, ನೀರೂ ಇಳಿಯುತ್ತದೆ. ದಿನಕ್ಕೆ ಒಂದು ಲೀಟರ್ ಹೋಯಿತು, ಐದು ದಿನ ನೀವು ಊರಲ್ಲಿಲ್ಲ ಅಂದುಕೊಳ್ಳಿ. ಲೀಟರಿಗೆ 35 ಗ್ರಾಂ ಇದ್ದ ಉಪ್ಪು 38 ದಾಟಿರುತ್ತದೆ. ದಿನಾ ಬೆಳಿಗ್ಗೆ ಉಪ್ಪಿಲ್ಲದ ಆರ್‌ಓ ನೀರನ್ನೇ ಗೆರೆಯವರೆಗೆ ತುಂಬಿ. ಮಾಡಬೇಕಾದ ಕೆಲಸಗಳಲ್ಲಿ ಮುಖ್ಯವಾದದ್ದು ಇದೇ.

ಟ್ಯಾಂಕು ಹಾಕಿದ ನಾಲ್ಕರಿಂದ ಆರು ವಾರ ಹವಳ ಬೇಡ. ಬ್ಯಾಕ್ಟೀರಿಯಾ ನೆಲೆಸಿ, ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲಿ. ಆಮೇಲೆ ವಾರಕ್ಕೊಮ್ಮೆ ಆರು ಲೀಟರ್ ನೀರು ಬದಲಿಸಿ. ಮೀನಿಗೆ ರೋಗ ಬಂದರೆ ತಾಮ್ರವಿರುವ ಔಷಧಿಯನ್ನು ಈ ಟ್ಯಾಂಕಿಗೆ ಹಾಕಬೇಡಿ, ಹವಳ ಉಳಿಯುವುದಿಲ್ಲ. ಸೊಳ್ಳೆಗೆ ಹಚ್ಚುವ ಕಾಯಿಲ್, ಲಿಕ್ವಿಡ್, ಸ್ಪ್ರೇ ಆ ಕೋಣೆಯಲ್ಲಿ ಬೇಡ, ಅದರ ಔಷಧಿ ನೀರಿನ ಜೀವಕ್ಕೆ ವಿಷ.

ಕೊಳ್ಳುವಾಗ ಟ್ಯಾಂಕಿನಲ್ಲೇ ಬೆಳೆಸಿದ ತುಂಡು ಇದೆಯಾ ಅಂತ ಕೇಳಿ, ಬಿಲ್ ತಗೊಳ್ಳಿ. ಮನೆಗೆ ತಂದ ಮೇಲೆ ಕವರನ್ನು ಹಾಗೇ 20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ. ನಂತರ ಅರ್ಧ ಗಂಟೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಸೇರಿಸಿ. ಕವರಿನ ನೀರು ಮಾತ್ರ ಒಳಗೆ ಹೋಗದಿರಲಿ. ಮೊದಲ ವಾರ ಬೆಳಕು ಅರ್ಧ ಇರಲಿ. ಅದು ಮುದುಡಿಕೊಂಡರೆ ಜಾಗ ಬದಲಿಸುತ್ತಾ ಹೋಗಬೇಡಿ. ಮೊದಲು ಉಪ್ಪು ನೋಡಿ, ಆಮೇಲೆ ಬಿಸಿ ನೋಡಿ. ಎರಡೂ ಸರಿಯಿದ್ದರೆ ಒಂದು ವಾರ ಕೈ ಹಾಕದೆ ಬಿಡಿ.